ಅರ್ಧ ಕಟಿಂಗ್

ಶುಕ್ರವಾರ, ಹದಿನಾರನೇ ತಾರೀಖು.

ಕಿವಿಯ ಹಿಂದೆ ಕತ್ತರಿ ತಾಗಿದ್ದು ಇನ್ನೂ ಉರಿಯುತ್ತಿದೆ. ಉರಿಯಲಿ. ನಮ್ಮ ಬೀದಿಯ ಕಟಿಂಗ್ ಅಂಗಡಿಯವನು ಇವತ್ತು ಮತ್ತೆ ಬಾಗಿಲು ತೆರೆದ.

ಹೆಂಡತಿ ತೀರಿಕೊಂಡ ಮೇಲೆ ಅವನ ಮಾತೇ ನಿಂತುಹೋಗಿತ್ತು. ಒಂದು ದಿನ ಅಂಗಡಿಯ ಬೀಗದ ಕೈ ತಂದು ನನ್ನ ಕೈಗಿಟ್ಟು, "ಇಟ್ಕೊಳ್ಳಿ ಯಜಮಾನ್ರೇ, ನಂಗಿನ್ನು ಬೇಡ" ಅಂದ. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. "ಸಾಯೋ ಯೋಚನೆ ಏನಾದ್ರೂ ಇದೆಯೇನೋ?" ಎಂದು ಕೇಳಿಯೇಬಿಟ್ಟೆ. ಅವನು ಹೌದೆಂದು ತಲೆಯಾಡಿಸಿ ಅತ್ತ. ಆಗಲೇ ಕೈ ಹಿಡಿದು, ನಮ್ಮ ಬೀದಿಯ ಕ್ಷೇಮ ಸಂಘದವರು ಸಮುದಾಯ ಭವನದಲ್ಲಿ ನಡೆಸುವ ಸಲಹಾ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಕೇಳಬಾರದ್ದು ಕೇಳಿದೆನೇನೋ ಎಂದು ಹೇಳಿಕೊಂಡೆ. ಅಲ್ಲಿನ ಸಲಹೆಗಾರ್ತಿ, "ನೇರವಾಗಿ ಕೇಳಿದ್ದೇ ಒಳ್ಳೇದಾಯ್ತು ತಾತ" ಅಂದಳು.

ಆಮೇಲೆ ಡಾಕ್ಟರ ಮಾತ್ರೆ, ವಾರವಾರ ಸಲಹೆಗಾರ್ತಿಯ ಜೊತೆ ಮಾತು. ಕ್ಷೇಮ ಸಂಘದ ಹೆಂಗಸರು ಸರದಿಯ ಮೇಲೆ ಅವನನ್ನು ಊಟಕ್ಕೆ ಕರೆದರು. ನಾವು ಗಂಡಸರು ಮಾಡಿದ್ದು ಇಷ್ಟೇ, ಬೇರೆ ಯಾರ ಕತ್ತರಿಗೂ ತಲೆ ಕೊಡಲಿಲ್ಲ.

ಇವತ್ತು ಬಂದು ಬೀಗದ ಕೈ ವಾಪಸ್ ತೆಗೆದುಕೊಂಡು ಹೋದ. ಮೊದಲ ಗಿರಾಕಿ ನಾನು.

"ಇದು ತಲೆಯಾ, ಪೊದೆಯಾ? ಬೇರೆ ಅಂಗಡಿ ಇರ್ಲಿಲ್ವಾ?" ಅಂದ.

"ಬಾಯಿ ಮುಚ್ಕೊಂಡು ಕತ್ತರಿಸೋ."

"ನೀವು ನಗಾಡ್ಬೇಡಿ, ಕಿವಿ ಹೋಗುತ್ತೆ" ಎಂದು ಗದರಿದ. ನನಗೆ ನಗು ತಡೆಯಲಾಗಲಿಲ್ಲ.

ಅರ್ಧ ತಲೆ ಮುಗಿಸಿ ಗಡಿಯಾರ ನೋಡಿದವನೇ ಬಟ್ಟೆ ಕೊಡವಿದ. "ಭವನದಲ್ಲಿ ಮೇಡಂ ಕಾಯ್ತಿರ್ತಾರೆ, ತಪ್ಪಿಸಲ್ಲ ಅಂತ ಮಾತು ಕೊಟ್ಟಿದೀನಿ. ಉಳಿದಿದ್ದು ನಾಳೆ ಮಾಡ್ತೀನಿ, ಬನ್ನಿ."

ಬೇರೆ ದಿನವಾಗಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದೆ. ಇವತ್ತು ಅರ್ಧ ತಲೆ ಹೊತ್ತುಕೊಂಡು, ನೆಟ್ಟಗೆ ಮನೆಗೆ ಬರದೆ, ಬೀದಿಯೆಲ್ಲ ಸುತ್ತಿದೆ. ನೋಡಿ ನಕ್ಕವರಿಗೆಲ್ಲ, "ಉಳಿದಿದ್ದು ನಾಳೆ ಮಾಡ್ತಾನಂತೆ" ಎಂದೆ.