ಕೆಂಪು ಕೋಟಿನ ಫೋಟೋ

ಬೀಗದ ಅಂಗಡಿಯ ಮೇಲಿನ ಕೋಣೆ,
ಹನ್ನೆರಡನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ತಂಗೀ,

ಹೇಗಿದ್ದೀಯೆ? ಅಮ್ಮನ ಮಂಡಿನೋವು ಕಡಿಮೆಯಾಯಿತೇ? ಎಣ್ಣೆ ಹಚ್ಚುವಾಗ "ಬಿಡೇ, ಈ ಮುದಿ ಕಾಲಿಗ್ಯಾಕೆ ಇಷ್ಟೊಂದು ಉಪಚಾರ" ಎಂದು ಈಗಲೂ ಗೊಣಗುತ್ತಾಳಾ? ಗೊಣಗಲಿ, ನೀನು ಹಚ್ಚುವುದನ್ನು ಬಿಡಬೇಡ. ನಾನು ಚೆನ್ನಾಗಿದ್ದೇನೆ. ಅಕ್ಷರ ಸೊಟ್ಟಗಿದೆಯೆಂದು ನಗಬೇಡ. ದಿನವಿಡೀ ಮಂಜುಗಡ್ಡೆಯಲ್ಲಿ ಕೈಯಿಟ್ಟು ಮೀನು ಹೆಚ್ಚಿ ಹೆಚ್ಚಿ, ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ.

ನಿನ್ನ ಕಾಗದ ಬಂತು. ನಾನಿರುವ ಕಾರ್ಖಾನೆಯಲ್ಲೇ ನಿನಗೂ ಕೆಲಸ ಕೊಡಿಸುತ್ತೇನೆಂದು ಏಜೆಂಟ್ ಹೇಳಿದನಂತೆ. ಕೆಂಪು ಕೋಟು ಹಾಕಿಕೊಂಡ ನನ್ನ ಫೋಟೋವನ್ನು ಅಮ್ಮ ಹೆಮ್ಮೆಯಿಂದ ಅವನಿಗೆ ಕೊಟ್ಟಳಂತೆ, ಅವನು ಅದನ್ನು ಮನೆಮನೆಗೂ ತೋರಿಸುತ್ತಿದ್ದಾನಂತೆ. ಅಯ್ಯೋ, ಓದಿ ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಕೋಟು ನನ್ನದಲ್ಲ ಕಣೇ. ಈ ಕೋಣೆಯಲ್ಲಿ ಎಂಟು ಜನ ಹೆಂಗಸರು, ಕೋಟು ಒಂದೇ. ಯಾರೋ ಊರಿಗೆ ಹಿಂತಿರುಗುವಾಗ ಬಿಟ್ಟುಹೋದದ್ದು. ಒಳಗಿನ ಬಟ್ಟೆಯೆಲ್ಲ ಚಿಂದಿ. ಹೊಸಬರು ಬಂದ ಮೊದಲ ಭಾನುವಾರ ಅದನ್ನು ತೊಡಿಸಿ, ಕೆಳಗಿನ ಅಂಗಡಿಯ ಗಾಜಿನ ಬಾಗಿಲ ಮುಂದೆ ನಿಲ್ಲಿಸಿ ಫೋಟೋ ತೆಗೆಯುವುದು ಈ ಕೋಣೆಯ ಪದ್ಧತಿ. ಮನೆಯವರು ನೆಮ್ಮದಿಯಾಗಿರಲಿ ಎಂದು ಎಲ್ಲರೂ ಕಳಿಸಿದೆವು. ನನ್ನನ್ನು ಇಲ್ಲಿಗೆ ಎಳೆದು ತಂದದ್ದೂ ಇದೇ ಕೋಟು, ಅಂದು ಏಜೆಂಟ್ ತೋರಿಸಿದ ಫೋಟೋದಲ್ಲಿ ಬೇರೆ ಯಾರದೋ ಮೈಮೇಲೆ. ಬಂದ ದಿನ ಗೋಡೆಯ ಮೊಳೆಯಲ್ಲಿ ಅದನ್ನು ಕಂಡು ಅತ್ತುಬಿಟ್ಟೆ. ಎಂಥ ಪೆದ್ದಿ ನೋಡು, ಆಮೇಲೆ ನಾನೂ ಹಾಕಿಕೊಂಡೆ.

ಇನ್ನು ಇಲ್ಲಿಯ ಸುದ್ದಿ. ನನ್ನ ಪಕ್ಕದ ಹಾಸಿಗೆಯವಳನ್ನು ನಾವು ಮಾತಿನಮಲ್ಲಿ ಎನ್ನುತ್ತೇವೆ. ಹೋದ ವಾರ ಅವಳು ಬೆರಳು ಕತ್ತರಿಸಿಕೊಂಡಳು. ಮೀನು ಹೊತ್ತು ಸಾಗುವ ಪಟ್ಟಿಯ ವೇಗವನ್ನು ಅಂದೇ ಹೆಚ್ಚಿಸಿದ್ದರು. ಅವಳನ್ನು ಹೊರಗೆ ಕಳಿಸಿ, ಮೇಜಿನ ಮೇಲಿನ ರಕ್ತಕ್ಕೆ ನೀರು ಹೊಡೆಸಿ, ಮೇಸ್ತ್ರಿ "ಹ್ಞೂಂ, ಇನ್ನೊಬ್ಬರು ಬನ್ನಿ" ಅಂದ. ನಮ್ಮ ಕೋಣೆಯವರೆಲ್ಲ ಒಂದೇ ಮೇಜಿನವರು. ಎಲ್ಲರೂ ಚಾಕು ಕೆಳಗಿಟ್ಟೆವು. ಪಟ್ಟಿ ನಿಧಾನ ಮಾಡಿ, ದಪ್ಪ ಕೈಗವಸು ಕೊಡಿ, ಅವಳ ಕೆಲಸ ಉಳಿಸಿ ಎಂದೆವು. "ನೀವಲ್ದಿದ್ರೆ ನಿಮ್ಮಂಥೋರು ನೂರು ಜನ ಬರ್ತಾರೆ" ಎಂದು ನಕ್ಕ. ಆರು ದಿನದಿಂದ ಗೇಟಿನ ಹೊರಗೆ ಕೂತಿದ್ದೇವೆ. ಹೆದರಬೇಡ, ಮಾತಿನಮಲ್ಲಿಯ ಬಾಯಿಗೇನೂ ಆಗಿಲ್ಲ. ಮೇಸ್ತ್ರಿಯ ನಡಿಗೆಯನ್ನು ಅಣಕಿಸಿ ನಮ್ಮನ್ನು ನಗಿಸುತ್ತಾಳೆ. ಇದ್ದ ಬ್ರೆಡ್ಡನ್ನು ಹಂಚಿಕೊಂಡು ತಿನ್ನುತ್ತೇವೆ.

ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಬೇಡ. ಅಕ್ಕ ಗಟ್ಟಿಯಾಗಿದ್ದಾಳೆ ಅನ್ನು, ಅದು ಸುಳ್ಳಲ್ಲ. ಅವಳ ಕಾಲಿಗೆ ನನ್ನ ನಮಸ್ಕಾರ, ನಿನ್ನ ಕೆನ್ನೆಗೊಂದು ಮುತ್ತು.

ನಿನ್ನ ಜಗಳಗಂಟಿ ಅಕ್ಕ

ಮರೆತೆ ಅಂದುಕೊಳ್ಳಬೇಡ, ಬರೆಯಲು ಕೈ ಬರಲಿಲ್ಲ: ಏಜೆಂಟ್ ನಿನಗೆ ಕೊಡಿಸುವುದು ನಾಲ್ಕನೇ ಮೇಜು ಎಂದಿದ್ದೀಯಲ್ಲ, ಅದು ನಮ್ಮ ಮೇಜು. ಮೇಸ್ತ್ರಿ ಹೇಳಿದ ಆ ನೂರು ಜನರಲ್ಲಿ ನೀನೂ ಒಬ್ಬಳು ಕಣೇ. ಸಹಿ ಹಾಕಬೇಡ. ಹಾಕಿಬಿಟ್ಟಿದ್ದರೆ, ಬಂದವಳು ಗೇಟಿನೊಳಗೆ ಮಾತ್ರ ಹೋಗಬೇಡ. ಹೊರಗೆ ಕೂತವರ ಮುಖ ನೋಡುತ್ತಾ ಬಾ. ಕೆಂಪು ಕೋಟು ಹುಡುಕಬೇಡ. ಇನ್ನು ಯಾರೂ ಅದರಲ್ಲಿ ಫೋಟೋ ತೆಗೆಸಿಕೊಳ್ಳದ ಹಾಗೆ ನಿನ್ನೆ ಅದನ್ನು ಕತ್ತರಿಸಿ, ಗೇಟಿನ ಮುಂದಿನ ತಣ್ಣನೆಯ ನೆಲದ ಮೇಲೆ ಹಾಸಿಕೊಳ್ಳಲು ಎಂಟು ತುಂಡು ಮಾಡಿಕೊಂಡೆವು. ಒತ್ತಿಕೊಂಡು ಕೂತರೆ ನನ್ನ ತುಂಡಿನಲ್ಲಿ ನಿನಗೂ ಜಾಗವಿದೆ.