ಸೀರೆ ಹೊದಿಸಿದ್ದು ನಾನು

ಚೇತನಾ,

ಸ್ನಾನ ಮುಗಿಸಿ ಬಂದವಳೇ ಕಂಪ್ಯೂಟರಿನ ವೋಲ್ಟೇಜ್ ಮುಟ್ಟಬೇಡ ಕಣೇ, ಮೊದಲು ಇದನ್ನು ಓದು.

ಬೆಳಿಗ್ಗೆ ಕಂಪ್ಯೂಟರ್ ಆಫ್ ಆಗಿದ್ದು ನಿನ್ನ ತಪ್ಪಿನಿಂದಲ್ಲ. ಶುಕ್ರವಾರದ ಸಾಂಬ್ರಾಣಿ ಹೊಗೆ ಹಾಕುವಾಗ ಬೂದಿ ಒಳಗೆ ಹೋಗದಿರಲಿ ಅಂತ ಅದರ ಮೇಲೆ ನನ್ನ ಮಡಿ ಸೀರೆ ಹೊದಿಸಿದ್ದೆ. ಬಿಸಿ ಗಾಳಿ ಹೊರಗೆ ಹೋಗುವುದೇ ಮೇಲಿನಿಂದ ಅನ್ನುವುದು ಹೊಳೆಯಲಿಲ್ಲ. ಪರದೆಯಲ್ಲಿ ತೊಂಬತ್ತೈದು ಡಿಗ್ರಿ ಅಂತ ಕೆಂಪಗೆ ಬಂತು, ಆಮೇಲೆ ಆರಿಹೋಯಿತು. ಗಾಬರಿಯಲ್ಲಿ ಸೀರೆ ಎಳೆದು ಮಡಚಿಟ್ಟೆ. ಹಾಲು ತಂದ ನೀನು ಆರಿದ ಪರದೆ ನೋಡಿ, "ಛೇ ದೊಡ್ಡಮ್ಮ, ಸ್ಪೀಡ್ ಜಾಸ್ತಿ ಆಯ್ತು ಅನ್ಸುತ್ತೆ. ವೋಲ್ಟೇಜ್ ಏರಿಸಿ ನೋಡ್ತೀನಿ, ಇಲ್ಲಾಂದ್ರೆ ಹಳೇದಕ್ಕೇ ಇಳಿಸ್ಬೇಕು. ನಾಳೆ ವಿಡಿಯೋ ಮುಗಿಸಿ ಕೊಟ್ಟಂಗೇ!" ಅಂದಾಗ ನಾನು ಹಾಲು ಕಾಯಿಸುವ ನೆಪದಲ್ಲಿ ಒಳಗೆ ಹೋದೆ.

ಎರಡೂ ಬೇಡ. ವಾರದಿಂದ ನೀನು ವಿಡಿಯೋ ಕೆಲಸ ಬೇಗ ಆಗಲಿ ಅಂತ ಕಂಪ್ಯೂಟರಿನ ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸಿ, ಗಂಟೆಗಟ್ಟಲೆ ಪರೀಕ್ಷೆ ಓಡಿಸಿ, ಶಾಖ ಎಂಬತ್ತು ದಾಟದಿದ್ದರೆ ಮಾತ್ರ ಮುಂದಕ್ಕೆ ಹೋಗಿದ್ದನ್ನು ಜಪಸರ ಹಿಡಿದುಕೊಂಡೇ ನೋಡಿದ್ದೇನೆ. ಕಾವ್ಯವನ್ನು ರಾಗವಾಗಿ ಓದುವವರು ಸ್ವರ ಏರಿಸುವುದೂ ಹಾಗೇ, ನಿಂತ ಸ್ವರ ಅಲುಗದಿದ್ದರೆ ಮಾತ್ರ. ಇಷ್ಟು ತಾಳ್ಮೆಯನ್ನು ನಾನು ಹೆಸರು ಮಾಡಿದ ವಾಚಕರಲ್ಲೂ ಕಂಡಿದ್ದು ಕಡಿಮೆ.

ನಿನ್ನೆಯ ವೇಗವನ್ನೇ ಇಟ್ಟು ಮತ್ತೆ ಪರೀಕ್ಷೆ ಓಡಿಸು. ಚಿತ್ರಾನ್ನ ಹಾಟ್‌ಬಾಕ್ಸಿನಲ್ಲಿದೆ, ತಿನ್ನು. ನಾನು ಚಂದ್ರಾ ಲೇಔಟಿಗೆ ಕಾವ್ಯವಾಚನ ಕೇಳಲು ಹೊರಟೆ. ಎದುರಿಗೆ ಹೇಳುವ ಧೈರ್ಯ ಇರಲಿಲ್ಲ ಅಂತಲೂ ಇಟ್ಟುಕೋ.

ಬಂದ ಮೇಲೆ ಎಷ್ಟು ಬೇಕಾದರೂ ಬೈ. ವೇಗ ಮಾತ್ರ ಇಳಿಸಿರಬಾರದು.

ದೊಡ್ಡಮ್ಮ