ಲೆಕ್ಕಕ್ಕೆ ಸಿಗದ ಎರಡು ಬಿಲ್ಲೆ

ಕಿಲ್‌ಬಾರ್ನ್, ನವೆಂಬರ್ 9, 1648

ಅಣ್ಣ ನಿನಿಯನ್,

ಹನ್ನೆರಡು ವರ್ಷಗಳ ಹಿಂದೆ, 1636ರ ಜುಲೈ ತಿಂಗಳಲ್ಲಿ, ಈ ಪಟ್ಟಣದ ನ್ಯಾಯಾಧಿಕಾರಿಯಾಗಿದ್ದ ನೀನು ಗಾವಿನ್ ಲಿಡೆಲ್ ಎಂಬ ನೇಕಾರನನ್ನು ಆರು ದಿನ ನಿದ್ದೆಗೆಡಿಸಿ, ಮಾಡದ ದರೋಡೆಯನ್ನು ಮಾಡಿದೆನೆಂದು ಹೇಳಿಸಿ, ನೇಣಿಗೆ ಕಳಿಸಿದೆ. ಮೊದಲು ಕುಶಲ ಕೇಳಿ ಆಮೇಲೆ ಈ ಮಾತಿಗೆ ಬರೋಣವೆಂದು ಎರಡು ಸಲ ಬರೆದು ಹರಿದೆ. ಇದಕ್ಕಿಂತ ಮುಂಚೆ ಹೇಳಬೇಕಾದ ಮಾತು ಯಾವುದೂ ಸಿಗಲಿಲ್ಲ.

ಕಳೆದ ವಾರ ಪಕ್ಕದ ಪಟ್ಟಣದಲ್ಲಿ ಒಬ್ಬ ಕುದುರೆಗಳ್ಳನನ್ನು ನೇಣು ಹಾಕಿದರು. ವಾಡಿಕೆಯಂತೆ ಅವನು ನೇಣುಗಂಬದ ಏಣಿಯ ಮೇಲೆ ನಿಂತು ತನ್ನ ಪಾಪಗಳನ್ನೆಲ್ಲ ಹೇಳಿಕೊಂಡ. ಆ ವರ್ಷದ ಕರ್ತನ ಭೋಜನದ ಭಾನುವಾರ, ಊರೆಲ್ಲ ಚರ್ಚಿನ ಮೇಜಿಗೆ ಕೂತು ಪವಿತ್ರ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುತ್ತಿದ್ದಾಗ, ನಮ್ಮೂರ ಬಯಲುದಾರಿಯಲ್ಲಿ ಉಣ್ಣೆ ವ್ಯಾಪಾರಿಯನ್ನು ಹೊಡೆದು ಕೆಡವಿ ಕುದುರೆ ಒಯ್ದದ್ದೂ ಅದರಲ್ಲಿ ಒಂದು. ಸುದ್ದಿ ನಿನಗೂ ಮುಟ್ಟಿದೆ. ಸಂತೆಯಲ್ಲಿ ಮೀನು ಮಾರುವ ಎಲ್ಸ್‌ಪೆತ್ ನಿನ್ನ ಮುಖಕ್ಕೇ ಕೇಳಿದಳಂತಲ್ಲ: "ಏನ್ ಸ್ವಾಮಿ, ಒಂದೇ ಕುದುರೇನ ಇಬ್ರು ಕದ್ರಾ? ಇಲ್ಲಾ, ಒಬ್ಬ ಕದ್ದಿದ್ದಕ್ಕೆ ಇಬ್ರನ್ನ ನೇತುಹಾಕಿದ್ರಾ?" ನೀನು ಟೋಪಿ ಸರಿಮಾಡಿಕೊಂಡು ಮುಂದೆ ಹೋದೆಯಂತೆ.

ನನಗೆ ಒಂದೂ ಮರೆತಿಲ್ಲ. ಕಳ್ಳ ಎತ್ತರದವನು, ಬೂದು ಕಂಬಳಿ ಹೊದ್ದಿದ್ದ ಎಂದಷ್ಟೇ ವ್ಯಾಪಾರಿ ಹೇಳಿದ್ದು. ಅರ್ಧ ಊರೇ ಎತ್ತರ, ಎಲ್ಲರ ಕಂಬಳಿಯೂ ಬೂದು. ಆಗ ನಿನಗೆ ಬಿಲ್ಲೆಗಳ ಯೋಚನೆ ಹೊಳೆಯಿತು. ಶನಿವಾರ ಚರ್ಚಿನ ಸಭೆಯ ಹಿರಿಯರು ಭೋಜನಕ್ಕೆ ಯೋಗ್ಯರೆಂದು ಕಂಡವರಿಗೆಲ್ಲ ಸೀಸದ ಬಿಲ್ಲೆ ಕೊಟ್ಟಿದ್ದರು. ಭಾನುವಾರ ಮೇಜಿಗೆ ಕೂರುವಾಗ ಅದನ್ನು ಹಿಂದಕ್ಕೆ ಪಡೆದಿದ್ದರು. ಎಣಿಸಿದಾಗ ಎರಡು ಕಡಿಮೆ ಬಂದವು, ಅಂದರೆ ಇಬ್ಬರು ಮೇಜಿಗೆ ಬಂದಿರಲಿಲ್ಲ. ಒಂದು ಗಾವಿನ್‌ನ ಜೇಬಿನಲ್ಲಿ ಸಿಕ್ಕಿತು. ಇನ್ನೊಂದು ಹುಲ್ಲಿನಲ್ಲಿ ಬಿದ್ದುಹೋಗಿರಬೇಕೆಂದು ನೀನೇ ತೀರ್ಮಾನಿಸಿದೆ.

ಅವನನ್ನು ಸೆರೆಮನೆಯ ಮೇಲಿನ ಕೋಣೆಯಲ್ಲಿ ಸಂಕೋಲೆ ಹಾಕಿ ಕೂರಿಸಿದಿರಿ. ಮೇಜಿಗೆ ಬಾರದವನು ಬಯಲುದಾರಿಯಲ್ಲದೆ ಮತ್ತೆಲ್ಲಿದ್ದ ಎಂಬುದು ನಿನ್ನ ಒಂದೇ ಪ್ರಶ್ನೆ. ಚರ್ಚಿನ ಅಂಗಳದ ಗೋಡೆ ಪಕ್ಕ, ಕೊನೆಯ ಕೀರ್ತನೆ ಮುಗಿಯುವವರೆಗೂ ನಿಂತಿದ್ದೆ ಎಂದು ಅವನು ಹೇಳಿದ. ಆ ವಾರ ಅವನಿಗೂ ಅವನ ಅಣ್ಣನಿಗೂ ಜಗಳವಾಗಿತ್ತು. "ಒಡಹುಟ್ಟಿದವನ ಮೇಲೆ ಹಲ್ಲು ಕಡೀತಾ ಆ ರೊಟ್ಟಿಗೆ ಹೆಂಗೆ ಕೈ ಚಾಚ್ಲಿ, ಸ್ವಾಮಿ?" ಎಂದನಂತೆ. ಕಂಡವರು ಯಾರು ಎಂದು ನೀನು ಕೇಳಿದೆ. ಕಂಡವರು ಇದ್ದಾರೆ, ಹೆಸರು ಹೇಳಲಾರೆ ಎಂದ. ನೀನು ನಕ್ಕೆ. "ಹಂಗಾದ್ರೆ ಆ ಗೋಡೇನೇ ಕರ್ಸೋಣ ಬಿಡು, ಸಾಕ್ಷಿ ಹೇಳ್ಲಿ."

ಹಿಂಸಿಸಬೇಕಾದರೆ ರಾಜಧಾನಿಯಿಂದ ಅಪ್ಪಣೆ ಬೇಕು. ನಿನ್ನಲ್ಲಿ ಅಪ್ಪಣೆ ಇರಲಿಲ್ಲ. ಎಚ್ಚರ ಇಡುವುದು ಹಿಂಸೆಯಲ್ಲ ಎಂದು ನೀನು ಪಾದ್ರಿಗಳನ್ನು ಒಪ್ಪಿಸಿದೆ. ಸೆರೆಯಲ್ಲಿರುವವರು ಹೊರಗಿನವರು ತಂದದ್ದನ್ನೇ ತಿನ್ನಬೇಕಲ್ಲ. ಅವನ ಮನೆಯವರು ಹೆದರಿ ಬರಲಿಲ್ಲ, ನಾನೇ ಓಟ್ಸ್ ರೊಟ್ಟಿ ಒಯ್ದೆ. ನಾಲ್ಕನೆಯ ದಿನ ಅವನು ತಿನ್ನುತ್ತಲೇ ತೂಕಡಿಸಿದ. ಬಾಯಲ್ಲಿ ರೊಟ್ಟಿಯಿರುವಾಗಲೇ ಕಾವಲುಗಾರ ಸಂಕೋಲೆ ಜಗ್ಗಿ ಎಬ್ಬಿಸಿದ. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಆರನೆಯ ದಿನ ಅವನು ಹೂಂ ಎಂದ. ಕುದುರೆ ಎಲ್ಲಿ ಎಂದರೆ ಸಮುದ್ರದಲ್ಲಿ ಎಂದ. ಮತ್ತೆ ಕೇಳಿದರೆ ಗಂಟೆಗೋಪುರದ ಮೇಲೆ ಎಂದ. ನಿನ್ನ ಗುಮಾಸ್ತ ಹೂಂ ಎಂಬುದನ್ನು ಬರೆದ, ಗೋಪುರವನ್ನು ಬಿಟ್ಟ. ನಿದ್ದೆ ಮಾಡಿ ಎದ್ದವನು ಅದೆಲ್ಲ ಸುಳ್ಳೆಂದು ಹದಿನೈದು ಮಂದಿ ಪಂಚರ ಮುಂದೆ ಅತ್ತ. ಅವರು ಕಾಗದವನ್ನು ನಂಬಿದರು.

ಇವತ್ತು ನೀನು ಸಭೆಯ ಹಿರಿಯ. ಆಗಿದ್ದು ಆಗಿಹೋಯಿತು, ಕಾನೂನಿನಂತೆ ನಡೆದೆ ಎಂದು ಮನೆಯಲ್ಲಿ ಹೇಳುತ್ತೀಯಂತೆ. ಮನೆಯಲ್ಲಿ ಹೇಳಿದರೆ ಸಾಲದು. ತಪ್ಪು ಮಾಡಿದವರು ಎಲ್ಲರ ಮುಂದೆ ನಿಂತು ಒಪ್ಪಿಕೊಳ್ಳಲು ನಮ್ಮ ಚರ್ಚಿನಲ್ಲಿ ಪಶ್ಚಾತ್ತಾಪದ ಪೀಠವಿದೆ. ಮದುವೆಗೆ ಮುಂಚೆ ಬಸಿರಾದಳೆಂದು ನಮ್ಮ ಕಿರಿಯ ತಂಗಿ ಮೇರಿಯನ್‌ಳನ್ನು ನೀನೇ ಮೂರು ಭಾನುವಾರ ಅದರ ಮೇಲೆ ನಿಲ್ಲಿಸಿದ್ದೆ. ಬರುವ ಭಾನುವಾರ ನೀನು ಅದನ್ನು ಹತ್ತು. ಗಾವಿನ್ ಲಿಡೆಲ್‌ನನ್ನು ಯಾವ ಸಾಕ್ಷಿಯ ಮೇಲೆ ಕೊಂದೆ ಎಂದು, ಅವನ ಹೆಂಡತಿ ಕೂತಿರುವಾಗ, ಊರಿಗೆ ಕೇಳುವಂತೆ ಉತ್ತರ ಕೊಡು.

ನಿನ್ನ ತಂಗಿ,
ಗ್ರಿಸೆಲ್ ಸ್ಕೂಗಲ್

ಮರೆತು ಕೊನೆಗೆ ಉಳಿಸಿದ್ದಲ್ಲ, ಧೈರ್ಯ ಸಾಲದೆ ಉಳಿಸಿದ್ದು: ಈ ಕಾಗದದೊಳಗೆ ಒಂದು ಸೀಸದ ಬಿಲ್ಲೆಯಿದೆ. ಗಾವಿನ್‌ನ ಜೇಬಿನಿಂದ ತೆಗೆದದ್ದರ ಪಕ್ಕದಲ್ಲಿಟ್ಟು ನೋಡು, ಅದೇ ಭಾನುವಾರದ್ದು. ಅದು ನನ್ನದು. ಮೇರಿಯನ್‌ಳನ್ನು ನೀನು ಪೀಠ ಹತ್ತಿಸಿದ ತಿಂಗಳು ಅದು. ನಿನ್ನ ಮೇಲಿನ ದ್ವೇಷ ಹೊತ್ತು ಮೇಜಿಗೆ ಬರಲಾರದೆ ನಾನೂ ಆ ಗೋಡೆಯ ಪಕ್ಕ ನಿಂತಿದ್ದೆ, ಅವನಿಂದ ಹತ್ತು ಹೆಜ್ಜೆ ದೂರದಲ್ಲಿ. ರೊಟ್ಟಿ ಒಯ್ದ ದಿನ ಅವನು ಮೆಲ್ಲಗೆ ಹೇಳಿದ: "ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು ಅಮ್ಮಾ. ನಾನಾಗಿ ನಿಮ್ಮ ಹೆಸರು ಎತ್ತಲ್ಲ." ಹೆಂಗಸಿನ ಸಾಕ್ಷಿ ಹೇಗೂ ನಡೆಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬುಟ್ಟಿ ಎತ್ತಿಕೊಂಡು ಬಂದೆ. ಭಾನುವಾರ ಆ ಪೀಠ ಮೊದಲು ನಾನು ಹತ್ತುತ್ತೇನೆ. ನನ್ನ ಪಕ್ಕದ ಜಾಗ ಖಾಲಿ ಉಳಿದರೆ, ಯಾಕೆಂದು ಊರೇ ನಿನ್ನನ್ನು ಕೇಳಲಿ.